ಸಂಗಾತಿ ಆಸ್ಪತ್ರೆಯಲ್ಲಿರುವಾಗ ಮಕ್ಕಳಿಗೆ ಏನು ಹೇಳೋಣ?

ಗಂಡನೋ ಹೆಂಡತಿಯೋ ಗಂಭೀರ ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ, ಮನೆಯಲ್ಲಿ ಉಳಿದವರು ಮೊದಲು ಮಾಡುವ ಕೆಲಸ ಮಕ್ಕಳಿಗೆ ವಿಷಯ ಗೊತ್ತಾಗದಂತೆ ನೋಡಿಕೊಳ್ಳುವುದು. ‘ಅಪ್ಪ ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ’, ‘ಅಮ್ಮ ಅಜ್ಜಿ ಮನೇಲಿದ್ದಾಳೆ’ ಎಂದುಬಿಡುತ್ತೇವೆ. ಪ್ರೀತಿಯಿಂದಲೇ ಹೇಳುವ ಸುಳ್ಳು ಅದು. ಆದರೆ ಫೋನ್ ಬಂದ ಕೂಡಲೇ ದೊಡ್ಡವರು ಎದ್ದು ಹೊರಗೆ ಹೋಗುವುದನ್ನೂ ದೊಡ್ಡಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನೂ ತಾನು ಒಳಗೆ ಬಂದರೆ ಮಾತು ನಿಲ್ಲುವುದನ್ನೂ ಮಗು ನೋಡುತ್ತಲೇ ಇರುತ್ತದೆ. ಏನೋ ಕೆಟ್ಟದ್ದಾಗಿದೆ ಎಂದು ಅದಕ್ಕೆ ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ತಿಳಿಯದ್ದನ್ನು ತಾನೇ ಊಹಿಸಿಕೊಳ್ಳುತ್ತದೆ. ಆ ಊಹೆ ಎಷ್ಟೋ ಸಲ ನಿಜಕ್ಕಿಂತ ಭಯಂಕರವಾಗಿರುತ್ತದೆ.

ಮಕ್ಕಳ ಆಪ್ತಸಮಾಲೋಚಕಿಯಾಗಿ ಇಂಥ ಮನೆಗಳಿಗೆ ನಾನು ಹೇಳುವುದು ಎರಡೇ ಮಾತು. ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ. ನಾಳೆ ತನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಮಗುವಿಗೆ ಇಂದೇ ಗೊತ್ತಿರಲಿ. ಉಳಿದ ಕಿವಿಮಾತುಗಳೆಲ್ಲ ಈ ಎರಡರಿಂದಲೇ ಹುಟ್ಟುವಂಥವು.

ವಯಸ್ಸಿಗೆ ತಕ್ಕ ಮಾತು

ಎರಡರಿಂದ ಏಳು ವರ್ಷದ ಮಕ್ಕಳು ಜಗತ್ತನ್ನು ತಮ್ಮ ಸುತ್ತಲೇ ಕಟ್ಟಿಕೊಂಡು ಯೋಚಿಸುತ್ತಾರೆ ಎಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ವಿವರಿಸಿದ್ದರು. ಹೀಗಾಗಿ ‘ನಾನು ಹಟ ಮಾಡಿದ್ದಕ್ಕೇ ಅಮ್ಮನಿಗೆ ಹುಷಾರು ತಪ್ಪಿತು’ ಎಂದು ಐದು ವರ್ಷದ ಮಗು ನಂಬಿಬಿಡಬಹುದು. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದು ಕೇಳಲಿ ಎಂದು ಕಾಯದೆ ನೀವೇ ಹೇಳಿ: ‘ಅಮ್ಮನ ರಕ್ತದಲ್ಲಿ ಒಂದು ಕಾಯಿಲೆ ಬಂದಿದೆ, ಅದರ ಹೆಸರು ಕ್ಯಾನ್ಸರ್. ನೀನು ಮಾಡಿದ ಯಾವುದರಿಂದಲೂ ಅದು ಬಂದಿಲ್ಲ. ಮುಟ್ಟಿದರೆ ಅಂಟೋದಿಲ್ಲ. ಡಾಕ್ಟರು ಔಷಧಿ ಕೊಡ್ತಿದ್ದಾರೆ. ನಿನ್ನನ್ನ ಅತ್ತೆ ಮತ್ತು ನಾನು ನೋಡ್ಕೋತೀವಿ.’ ಕ್ಷಯದಂಥ ಅಂಟುವ ಕಾಯಿಲೆಯಾಗಿದ್ದರೆ ಅಂಟುವುದಿಲ್ಲ ಎನ್ನಬೇಡಿ. ಯಾಕೆ ದೂರ ಇರಬೇಕು, ಮನೆಯವರು ಯಾವ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದನ್ನು ವೈದ್ಯರನ್ನು ಕೇಳಿಕೊಂಡು ಸರಳವಾಗಿ ತಿಳಿಸಿ. ಬರೀ ‘ಹುಷಾರಿಲ್ಲ’ ಎಂದು ಬಿಟ್ಟರೆ ನಾಳೆ ತನಗೇ ನೆಗಡಿಯಾದಾಗಲೂ ಮಗು ಬೆಚ್ಚಿಬೀಳುತ್ತದೆ. ಅದಕ್ಕೇ ಕಾಯಿಲೆಯನ್ನು ಹೆಸರಿಟ್ಟು ಹೇಳುವುದು ಒಳ್ಳೆಯದು.

ಎಂಟರಿಂದ ಹನ್ನೆರಡು ವರ್ಷದವರಿಗೆ ವಿವರ ಬೇಕು. ಯಂತ್ರ ಏನು ಮಾಡುತ್ತದೆ, ನೋವಾಗುತ್ತದೆಯೇ, ಎಷ್ಟು ದಿನ ಎಂದು ಕೇಳುತ್ತಾರೆ. ‘ಅಪ್ಪನ ಕಿಡ್ನಿ ರಕ್ತವನ್ನ ಶುದ್ಧ ಮಾಡ್ತಿಲ್ಲ. ಆ ಕೆಲಸವನ್ನ ಈಗ ಡಯಾಲಿಸಿಸ್ ಯಂತ್ರ ಮಾಡುತ್ತೆ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ’ ಎಂದರೆ ಅವರು ಅರ್ಥ ಮಾಡಿಕೊಳ್ಳುತ್ತಾರೆ. ಯಾವ ದಿನ ಅಪ್ಪ ಎಲ್ಲಿರುತ್ತಾರೆ ಎಂಬ ಲೆಕ್ಕ ಸಿಕ್ಕಿದರೆ ಅರ್ಧ ಭಯ ಇಳಿಯುತ್ತದೆ.

ಹದಿಹರೆಯದವರು ನೀವು ಹೇಳುವುದಕ್ಕೆ ಮೊದಲೇ ಮೊಬೈಲಿನಲ್ಲಿ ಹುಡುಕಿರುತ್ತಾರೆ. ಅಲ್ಲಿ ಕಂಡದ್ದು ನಿಮ್ಮ ಮನೆಯ ರೋಗಿಗೆ ಅನ್ವಯಿಸಬೇಕೆಂದಿಲ್ಲ. ವೈದ್ಯರು ಹೇಳಿದ್ದನ್ನು ಅವರೊಂದಿಗೆ ಕೂತು ಹಂಚಿಕೊಳ್ಳಿ, ವೈದ್ಯರು ಒಪ್ಪಿದರೆ ಒಮ್ಮೆ ಜೊತೆಗೆ ಕರೆದೊಯ್ಯಿರಿ. ಅವರಿಂದ ಸಹಾಯ ಪಡೆಯಿರಿ, ಆದರೆ ಮನೆಯ ಭಾರವನ್ನೆಲ್ಲ ಹೊರಿಸಬೇಡಿ. ‘ಇನ್ನು ಮೇಲೆ ನೀನೇ ಮನೆಗೆ ದೊಡ್ಡವನು’ ಎಂದು ಬಂಧುಗಳು ಬೆನ್ನು ತಟ್ಟುವುದನ್ನು ನಯವಾಗಿ ತಡೆಯಿರಿ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುತ್ತಿರುವ ಹೆಣ್ಣುಮಗಳ ಮೇಲೆ ಅಡುಗೆ, ತಮ್ಮನ ಪಾಠ, ಅಜ್ಜಿಯ ಮಾತ್ರೆ ಎಲ್ಲವೂ ಸದ್ದಿಲ್ಲದೆ ಬಂದು ಬೀಳುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅದರ ಮೇಲೆ ವಿಶೇಷವಾಗಿ ಕಣ್ಣಿಡಿ.

‘ಅಪ್ಪ ಸತ್ತು ಹೋಗ್ತಾರಾ?’

ಈ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆ. ‘ಛೆ, ಹಾಗೆಲ್ಲ ಅಪಶಕುನ ಮಾತಾಡಬಾರದು’ ಎಂದು ಬಾಯಿ ಮುಚ್ಚಿಸಿದರೆ ಮಗು ಮುಂದೆ ಏನನ್ನೂ ಕೇಳುವುದಿಲ್ಲ. ‘ಇಲ್ಲ, ಖಂಡಿತ ಗುಣ ಆಗ್ತಾರೆ’ ಎಂಬ ಭರವಸೆ ನಿಮ್ಮ ಕೈಯಲ್ಲಿಲ್ಲ. ಮೊದಲು ‘ನಿನಗೆ ಹಾಗೆ ಯಾಕನಿಸಿತು ಪುಟ್ಟಾ?’ ಎಂದು ಕೇಳಿ. ಎಷ್ಟೋ ಸಲ ಯಾರೋ ಆಡಿದ ಮಾತು ಅದರ ಕಿವಿಗೆ ಬಿದ್ದಿರುತ್ತದೆ. ಆಮೇಲೆ ಹೀಗೆ ಹೇಳಬಹುದು: ‘ಕಾಯಿಲೆ ದೊಡ್ಡದು. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡ್ತಿದ್ದಾರೆ. ಏನಾದರೂ ಬದಲಾದರೆ ನಿನಗೆ ನಾನೇ ಬಂದು ಹೇಳ್ತೀನಿ.’ ಈ ಕೊನೆಯ ಮಾತನ್ನು ತಪ್ಪದೆ ಉಳಿಸಿಕೊಳ್ಳಿ. ದೊಡ್ಡವರ ಮುಖ ನೋಡಿ ಊಹಿಸುವ ಕಷ್ಟ ಮಗುವಿಗೆ ಆಗ ತಪ್ಪುತ್ತದೆ.

ಆಸ್ಪತ್ರೆಗೆ ಕರೆದೊಯ್ಯಬೇಕೇ?

ಅನೇಕ ಆಸ್ಪತ್ರೆಗಳಲ್ಲಿ ಐಸಿಯುಗೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಸೋಂಕಿನ ಭಯ ಅದಕ್ಕೊಂದು ಕಾರಣ. ಆದರೂ ವಿಭಾಗದ ಹಿರಿಯ ವೈದ್ಯರನ್ನೋ ಸಿಸ್ಟರನ್ನೋ ಕೇಳಿ ನೋಡಿ, ಕೆಲವು ನಿಮಿಷಗಳ ಅನುಮತಿ ಸಿಗಬಹುದು. ಹೋಗುವುದೋ ಬಿಡುವುದೋ ಮಗುವಿನ ಆಯ್ಕೆಯಾಗಲಿ. ‘ಅಪ್ಪನನ್ನ ನೋಡೋಕೂ ಬರೋಲ್ವಾ?’ ಎಂದು ಒತ್ತಾಯಿಸಬೇಡಿ, ಹಂಗಿಸಬೇಡಿ.

ಹೋಗುವ ಮುನ್ನ ಅಲ್ಲಿ ಕಾಣುವುದನ್ನೆಲ್ಲ ವರ್ಣಿಸಿ. ಮೂಗಿನಲ್ಲಿ ನಳಿಕೆ ಇರುತ್ತದೆ, ಮುಖ ಊದಿರಬಹುದು, ಕೂದಲು ಉದುರಿರಬಹುದು, ಯಂತ್ರ ಕೂಗುತ್ತಿರುತ್ತದೆ ಎಂದು ಮೊದಲೇ ಗೊತ್ತಿರಲಿ. ವೆಂಟಿಲೇಟರ್ ಇದ್ದರೆ ಗಂಟಲಲ್ಲಿ ಕೊಳವೆ ಇರುವುದರಿಂದ ಅಮ್ಮನಿಗೆ ಮಾತಾಡಲು ಆಗುವುದಿಲ್ಲ, ಸಿಟ್ಟಿನಿಂದ ಸುಮ್ಮನಿರುವುದಲ್ಲ ಎಂದು ತಿಳಿಸಿ. ಐಸಿಯುನಲ್ಲಿರುವ ಕೆಲವು ರೋಗಿಗಳಿಗೆ ಗೊಂದಲವಾಗುವುದುಂಟು. ಮನೆಯವರ ಗುರುತು ಹತ್ತುವುದಿಲ್ಲ, ಅಸಂಬದ್ಧವಾಗಿ ಮಾತಾಡುತ್ತಾರೆ, ರೇಗುತ್ತಾರೆ. ವೈದ್ಯರು ಇದನ್ನು ಡೆಲಿರಿಯಮ್ ಎನ್ನುತ್ತಾರೆ. ಕಾಯಿಲೆ, ಔಷಧಿ, ನಿದ್ರೆಗೆಡುವುದು ಎಲ್ಲ ಸೇರಿ ತರುವ ಸ್ಥಿತಿ ಅದು, ಬಹಳಷ್ಟು ಜನರಲ್ಲಿ ಇಳಿದುಹೋಗುತ್ತದೆ. ಆ ದಿನಗಳಲ್ಲಿ ಮಗುವನ್ನು ಕರೆದೊಯ್ಯದಿರುವುದೇ ಲೇಸು. ಆಗ ಮಗು ಬರೆದ ಚಿತ್ರ, ಅದರ ದನಿಯಲ್ಲಿ ಮುದ್ರಿಸಿದ ಸಂದೇಶ ಒಳಗೆ ಹೋಗಲಿ. ರೋಗಿಯ ಸ್ಥಿತಿ ಸುಧಾರಿಸಿದ ಮೇಲೆ ಚುಟುಕಾದ ವಿಡಿಯೊ ಕರೆ ಮಾಡಿಸಬಹುದು.

ಮನೆಯ ದಿನಚರಿ

ಇಂಥ ಹೊತ್ತಿನಲ್ಲಿ ಮಕ್ಕಳನ್ನು ಅಜ್ಜಿಯ ಊರಿಗೆ ಕಳಿಸುವುದು ನಮ್ಮಲ್ಲಿ ರೂಢಿ. ಕಲಬುರಗಿ, ರಾಯಚೂರು, ಚಾಮರಾಜನಗರದಂಥ ಊರುಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಜಯದೇವ ಆಸ್ಪತ್ರೆಗೋ ಬಂದು ವಾರಗಟ್ಟಲೆ ಧರ್ಮಶಾಲೆಯಲ್ಲೋ ಬಾಡಿಗೆ ಕೋಣೆಯಲ್ಲೋ ಉಳಿಯುವ ಕುಟುಂಬಕ್ಕೆ ಬೇರೆ ದಾರಿಯೂ ಇರುವುದಿಲ್ಲ. ಕಳಿಸಲೇಬೇಕಾದರೆ ಅಣ್ಣತಂಗಿಯರನ್ನು ಬೇರೆ ಬೇರೆ ಮನೆಗೆ ಹಂಚಬೇಡಿ. ನಿತ್ಯ ಒಂದೇ ಹೊತ್ತಿಗೆ ಫೋನ್ ಮಾಡಿ. ಹೇಳಲು ಹೊಸ ಸುದ್ದಿ ಇಲ್ಲದ ದಿನವೂ ಕರೆ ತಪ್ಪಿಸಬೇಡಿ. ಮನೆಯಲ್ಲೇ ಇರಿಸಿಕೊಳ್ಳಲು ಸಾಧ್ಯವಾದರೆ ಅದೇ ಉತ್ತಮ. ಚಿಕ್ಕಮ್ಮನೋ ಮಾವನೋ, ಒಬ್ಬರೇ ಬಂದು ಉಳಿಯಲಿ. ದಿನಕ್ಕೊಬ್ಬರು ಬದಲಾದರೆ ಮಗು ಯಾರಿಗೂ ಹೊಂದಿಕೊಳ್ಳುವುದಿಲ್ಲ.

ಶಾಲೆ, ಊಟ, ಆಟ, ನಿದ್ರೆ ಎಂದಿನ ಹೊತ್ತಿಗೇ ನಡೆಯಲಿ. ಅಮ್ಮ ಆಸ್ಪತ್ರೆಯಲ್ಲಿದ್ದರೆ ಯೂನಿಫಾರ್ಮ್ ಎಲ್ಲಿದೆ, ಜಡೆ ಹೇಗೆ ಹಾಕುವುದು, ಡಬ್ಬಿಗೆ ಮಗಳಿಗೇನಿಷ್ಟ ಎಂಬುದನ್ನು ಅಪ್ಪ ಕಲಿಯಬೇಕಾಗುತ್ತದೆ. ಮಕ್ಕಳನ್ನೇ ಕೇಳಿ ಕಲಿಯಿರಿ, ಹೇಳಿಕೊಡುವುದರಲ್ಲಿ ಅವರಿಗೂ ಸಮಾಧಾನವಿದೆ. ಕ್ಲಾಸ್ ಟೀಚರಿಗೆ ವಿಷಯ ತಿಳಿಸಿ. ಹೋಂವರ್ಕ್ ಮಾಡಿಲ್ಲವೆಂದು ಆ ವಾರ ತರಗತಿಯಲ್ಲಿ ನಿಲ್ಲಿಸುವ ಬದಲು ಅವರು ಪಕ್ಕಕ್ಕೆ ಕರೆದು ವಿಚಾರಿಸುತ್ತಾರೆ. ಹುಟ್ಟುಹಬ್ಬ, ಶಾಲೆಯ ಆಟೋಟ ಬಂದರೆ ಮಗು ನಗಲಿ, ಕುಣಿಯಲಿ. ‘ಅಪ್ಪ ಹೀಗಿರುವಾಗ ನಿನಗೆ ಆಟವಾ?’ ಎಂಬ ಮಾತು ಬಹಳ ಕಾಲ ಚುಚ್ಚುತ್ತದೆ.

ಮನೆಗೆ ಬಂದವರು ಮಕ್ಕಳೆದುರು ಯಾರದೋ ಸಾವಿನ ಕಥೆ ತೆಗೆದರೆ ಮಾತು ಬದಲಿಸಿ. ಸುದ್ದಿ ಕೇಳುವ ಕರೆಗಳೇ ನಿಮ್ಮನ್ನು ಹಣ್ಣು ಮಾಡುತ್ತವೆ. ಬಂಧುಗಳಲ್ಲಿ ಒಬ್ಬರಿಗೆ ಆ ಜವಾಬ್ದಾರಿ ವಹಿಸಿ, ಸಂಜೆಗೊಮ್ಮೆ ಅವರೇ ವಾಟ್ಸ್ಆ್ಯಪ್ ಗುಂಪಿನಲ್ಲಿ ತಿಳಿಸಲಿ. ‘ಏನಾದರೂ ಬೇಕಾದರೆ ಹೇಳಿ’ ಎಂದವರಿಗೆ ನಿಜವಾಗಿಯೂ ಹೇಳಿ: ಒಬ್ಬರಿಗೆ ಮಂಗಳವಾರದ ಊಟ, ಮತ್ತೊಬ್ಬರಿಗೆ ಟ್ಯೂಷನ್ನಿನಿಂದ ಮಗುವನ್ನು ಕರೆತರುವುದು, ಇನ್ನೊಬ್ಬರಿಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗುವುದು.

ನೀವೂ ನಿಲ್ಲಬೇಕು

ಈ ಮನೆಯಲ್ಲಿ ಸದ್ಯ ಓಡಾಡುತ್ತಿರುವ ಪೋಷಕರು ನೀವೊಬ್ಬರೇ. ನೀವು ಕುಸಿದರೆ ಮಕ್ಕಳಿಗೆ ಇಬ್ಬರೂ ಇಲ್ಲದಂತಾಗುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಸತತವಾಗಿ ರಾತ್ರಿ ಕಳೆಯಬೇಡಿ, ಸರದಿ ಮಾಡಿಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆಯ ನಿಮ್ಮ ಮಾತ್ರೆ ತಪ್ಪಿಸಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ವೈದ್ಯರು ರೌಂಡ್ಸಿಗೆ ಬರುವ ಮೊದಲೇ ಪ್ರಶ್ನೆ ಬರೆದಿಡಿ, ಉತ್ತರವನ್ನೂ ಅಲ್ಲೇ ಬರೆದುಕೊಳ್ಳಿ. ದಣಿದ ತಲೆಯಲ್ಲಿ ಏನೂ ನಿಲ್ಲುವುದಿಲ್ಲ.

ಖರ್ಚಿನ ಚಿಂತೆ ಮನೆಯ ಮಾತುಕತೆಯನ್ನೇ ಕದಡುತ್ತದೆ, ಆದ್ದರಿಂದ ಆ ವಿಚಾರಣೆ ಬೇಗ ಮಾಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ನೋಂದಾಯಿತ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಇರುವ ಆರೋಗ್ಯಮಿತ್ರರನ್ನು ಕಾಣಿರಿ. ಖಾಸಗಿ ವಿಮೆಯಿದ್ದರೆ ಆಸ್ಪತ್ರೆಯ ವಿಮಾ ಕೌಂಟರಿಗೆ ಮೊದಲ ದಿನವೇ ಕಾಗದಪತ್ರ ಕೊಡಿ.

ಮಕ್ಕಳೆದುರು ಕಣ್ಣೀರು ಬಂದರೆ ಅಡಗಿಸಬೇಕಿಲ್ಲ. ‘ಅಮ್ಮನ ನೆನಪಾಗಿ ಅಳು ಬಂತು, ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ’ ಎಂದು ಹೇಳಿಬಿಡಿ. ದುಃಖವನ್ನು ಹೇಳಿಕೊಳ್ಳಬಹುದು ಎಂಬುದನ್ನು ಮಗು ನಿಮ್ಮಿಂದಲೇ ಕಲಿಯುತ್ತದೆ.

ಯಾವಾಗ ನೆರವು ಕೇಳಬೇಕು?

ಚಿಕ್ಕವರು ಮತ್ತೆ ಹಾಸಿಗೆ ಒದ್ದೆ ಮಾಡುವುದು, ಬೆಳಗಾದರೆ ಹೊಟ್ಟೆನೋವು ಎನ್ನುವುದು, ನಿಮ್ಮ ಸೆರಗು ಬಿಡದಿರುವುದು, ದೊಡ್ಡ ಮಕ್ಕಳು ರೇಗುವುದು, ಮೌನವಾಗುವುದು ಮೊದಮೊದಲು ಸಹಜ. ಎರಡು ವಾರ ಕಳೆದರೂ ಕಡಿಮೆಯಾಗದಿದ್ದರೆ, ಊಟ, ನಿದ್ರೆ, ಶಾಲೆ ಕೆಟ್ಟರೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕೇ ಬೇಡ ಎಂಬರ್ಥದ ಮಾತು ಮಗುವಿನಿಂದಾಗಲಿ ನಿಮ್ಮಿಂದಾಗಲಿ ಬಂದರೆ ಒಂದು ದಿನವೂ ಕಾಯಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ರೋಗಿ ಮನೆಗೆ ಬಂದ ಮೇಲೂ ಎಲ್ಲ ಒಮ್ಮೆಲೇ ಮೊದಲಿನಂತಾಗುವುದಿಲ್ಲ. ಸುಸ್ತು, ಸಿಟ್ಟು ತಿಂಗಳುಗಟ್ಟಲೆ ಇರಬಹುದು, ಅದನ್ನೂ ಮುಂಚೆಯೇ ಹೇಳಿಡಿ. ಇನ್ನು ಗುಣವಾಗುವುದಿಲ್ಲ ಎಂದು ವೈದ್ಯರು ತಿಳಿಸಿದರೆ ಅದನ್ನೂ ಮಕ್ಕಳಿಂದ ಮುಚ್ಚಿಡಬೇಡಿ. ನೋಡುವ, ಮುಟ್ಟುವ, ಮಾತಾಡುವ ಅವಕಾಶ ಅವರಿಗೂ ಸಿಗಲಿ. ದೊಡ್ಡವರಿಗಿರುವಷ್ಟೇ ಹಕ್ಕು ಅವರಿಗೂ ಇದೆ.

ಇದೆಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಇಂದು ಮಲಗುವ ಮುನ್ನ ಮಗುವಿನ ಪಕ್ಕ ಕೂತು ಮೂರು ವಿಷಯ ಹೇಳಿ: ಇವತ್ತು ಆಸ್ಪತ್ರೆಯಲ್ಲಿ ಏನಾಯಿತು, ನಾಳೆ ಬೆಳಗ್ಗೆ ನಿನ್ನನ್ನು ಶಾಲೆಗೆ ಯಾರು ಬಿಡುತ್ತಾರೆ, ನಾನು ಎಷ್ಟು ಹೊತ್ತಿಗೆ ಬರುತ್ತೇನೆ. ಆಮೇಲೆ ‘ಏನಾದರೂ ಕೇಳಬೇಕಾ?’ ಎನ್ನಿ. ನಾಳೆಯೂ ಹೀಗೆಯೇ ಮಾಡಿ. ಮಗು ಮೊದಲ ದಿನ ಏನೂ ಕೇಳದಿರಬಹುದು. ಕೇಳಿದರೆ ಉತ್ತರ ಸಿಗುತ್ತದೆ ಎಂಬ ನಂಬಿಕೆ ಬಂದ ದಿನ ಕೇಳೇ ಕೇಳುತ್ತದೆ.