ಹಳೆಯ ಕಿಟಕಿಯ ಬಣ್ಣ, ನೆಲದ ಧೂಳು, ಮಗುವಿನ ಕೈ

ಪ್ರಶ್ನೆ: ನಮ್ಮದು ಹಳೆಯ ಮನೆ. ಕಿಟಕಿ ಬಾಗಿಲುಗಳ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ. ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗಳಿದ್ದಾಳೆ. ಇಂಥ ಧೂಳಿನಲ್ಲಿ ಸೀಸವಿರುತ್ತದಂತೆ, ಹೌದೇ? ಅವಳ ಮೂಗಿಗೆ ಧೂಳು ಹೋಗದಂತೆ ನೋಡಿಕೊಂಡರೆ ಸಾಕೇ?
— ಓದುಗರೊಬ್ಬರು, ಶಿರಸಿ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಸೀಸ ಮನೆಯೊಳಗಿನ ಧೂಳಿಗೆ ಎಲ್ಲಿಂದ ಬಂತು, ಅಲ್ಲಿಂದ ಮಗುವಿನ ಮೈ ಸೇರುವುದು ಹೇಗೆ, ಇವೆರಡು ನಿಮ್ಮ ಸಂದೇಹ.

ಬಣ್ಣ ಎದ್ದು ಕಾಣಲಿ, ಬೇಗ ಒಣಗಲಿ ಎಂದು ಎನಾಮೆಲ್ ಪೇಂಟ್‌ಗೆ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಹಳದಿ, ಕೇಸರಿ, ಕೆಂಪಿನಲ್ಲಿ ಅದು ಹೆಚ್ಚು. ಹೊಸ್ತಿಲಿಗೆ ಅರಿಸಿನದ ಬದಲು ಹಳದಿ ಪೇಂಟ್ ಬಳಿದು ಕೆಂಪು ಬೊಟ್ಟಿಡುವುದುಂಟಲ್ಲ, ಆ ಹಳದಿಯನ್ನೂ ಅನುಮಾನಿಸಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ನಿಯಮ ಹೊಸ ಡಬ್ಬಿಗೆ, ಕೆಳಗಿನ ಹಳೆಯ ಪದರಕ್ಕಲ್ಲ. ಕಿಟಕಿ ತೆಗೆದು ಹಾಕಿದಾಗಲೆಲ್ಲ ಚೌಕಟ್ಟಿಗೆ ಉಜ್ಜಿ ಆ ಪದರ ಪುಡಿಯಾಗಿ ಉದುರುತ್ತದೆ. ಸೀಸ ಕೊಳೆತು ಇಲ್ಲವಾಗುವ ವಸ್ತುವಲ್ಲ.

ಇನ್ನು ಮೂಗಿನ ಮಾತು. ಧೂಳೆಂದರೆ ಸೀನು, ಅಲರ್ಜಿ ನೆನಪಾಗುವುದು ಸಹಜ. ಆದರೆ ಪುಟ್ಟ ಮಕ್ಕಳಿಗೆ ಧೂಳಿನ ಸೀಸ ಹೆಚ್ಚಾಗಿ ಸೇರುವುದು ಬಾಯಿಯಿಂದ. ಮೊಮ್ಮಗಳನ್ನು ಹತ್ತು ನಿಮಿಷ ಗಮನಿಸಿ: ಅಂಗೈ ನೆಲದ ಮೇಲೆ, ಹೊಸ್ತಿಲ ಮೇಲೆ, ಮರುಕ್ಷಣ ಬಾಯಲ್ಲಿ. ಕೆಳಗೆ ಬಿದ್ದ ಗಿಲಕಿಯೂ ಅಲ್ಲಿಗೇ. ದೊಡ್ಡವರು ನುಂಗಿದ ಸೀಸದಲ್ಲಿ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಮಗುವಿನ ದೇಹ ಹೀರಿಕೊಳ್ಳಬಲ್ಲದು. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ಇನ್ನೂ ಹೆಚ್ಚು. ಪೆಟ್ಟು ಬೀಳುವುದು ಬೆಳೆಯುವ ಮಿದುಳಿಗೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಗಾಬರಿ ಬೇಡ, ಒದ್ದೆ ಬಟ್ಟೆ ಹಿಡಿಯಿರಿ. ಒಣ ಪೊರಕೆ ಧೂಳನ್ನು ಎಬ್ಬಿಸಿ ಮತ್ತೆ ಅಲ್ಲಲ್ಲೇ ಕೂರಿಸುತ್ತದೆ. ಕಿಟಕಿಯ ಸಂದುಗಳನ್ನು, ಬಾಗಿಲ ಬುಡವನ್ನು, ನೆಲವನ್ನು ಒರೆಸಿ. ಊಟಕ್ಕೆ ಮುಂಚೆ ಮಗುವಿನ ಕೈಗಳನ್ನು ಸೋಪು ಹಾಕಿ ತೊಳೆಯಿರಿ, ಆಟಿಕೆಗಳನ್ನೂ ತೊಳೆಯುತ್ತಿರಿ. ಹಬ್ಬಕ್ಕೆ ಬಣ್ಣ ಹೊಡೆಸುವವರಿದ್ದರೆ ಮಾತ್ರ ಬಹಳ ಎಚ್ಚರ. ಎಮರಿ ಪೇಪರ್‌ನಿಂದ ಒಣದಾಗಿ ಉಜ್ಜುವುದೇ ವಾಡಿಕೆ. ಒಂದೇ ದಿನಕ್ಕೆ ಮನೆಯೆಲ್ಲ ಸೀಸದ ಪುಡಿಯಾಗಬಹುದು. ನೀರು ಹಾಕಿ ಉಜ್ಜಲು ಹೇಳಿ. ಕೆಲಸ ಮುಗಿದು ಎಲ್ಲವನ್ನೂ ಒರೆಸುವವರೆಗೆ ಮಗು, ತಾಯಿ ಬೇರೆ ಕಡೆ ಇರಲಿ. ಅನುಮಾನ ಹೋಗದಿದ್ದರೆ ಮಕ್ಕಳ ವೈದ್ಯರಿಗೆ ಮನೆಯ ಬಣ್ಣದ ವಿಷಯ ತಿಳಿಸಿ, ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ. ಲಕ್ಷಣ ಕಾಣಲಿ ಎಂದು ಕಾಯಬೇಡಿ, ಎಷ್ಟೋ ಮಕ್ಕಳಲ್ಲಿ ಅದು ಕಾಣಿಸುವುದೇ ಇಲ್ಲ.