ಸೋಡಾ ಸೀಸೆಯ ಹೊರಮೈ

ದೊಡ್ಡಆಲಹಳ್ಳಿಯ ಅಂಗಡಿಯೊಂದರಲ್ಲಿ ಗೋಲಿ ಸೋಡಾ ಕೊಂಡೆವೆಂದು ಇಟ್ಟುಕೊಳ್ಳೋಣ. ಹಳೆಯ ಸೀಸೆಯಾದರೆ, ಬೆಳಕಿಗೆ ಹಿಡಿದಾಗ ಅದರ ಭುಜದ ಸುತ್ತ ಮಬ್ಬಾದ ಪಟ್ಟಿಯೊಂದು ಕಾಣುತ್ತದೆ. ಪೆಟ್ಟಿಗೆಯೊಳಗೆ ಕುಲುಕಾಡುತ್ತ ಸೀಸೆಗೆ ಸೀಸೆ ಉಜ್ಜಿ ಆದ ಗುರುತು ಅದು. ಅದರಿಂದ ಸೀಸೆಯ ಅಂದ ಮಾತ್ರ ಕೆಟ್ಟಿತೆಂದು ಭಾವಿಸಲಾಗದು, ಬಲವೂ ಕುಂದಿದೆ. ಹಿರಮ್ ಕಾಡ್ ಎಂಬ ಆಂಗ್ಲನು 1870ರ ದಶಕದಲ್ಲಿ ರೂಪಿಸಿದ ಈ ಸೀಸೆಯಲ್ಲಿ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿದಿರುವುದು ಒಳಗಿನ ಇಂಗಾಲಾಮ್ಲ ಅನಿಲದ ಒತ್ತಡ. ಆದುದರಿಂದ ಸೀಸೆ ಒಡೆದರೆ ಚೂರುಗಳು ಸುಮ್ಮನೆ ಉದುರುವುದಿಲ್ಲ, ಸಿಡಿಯುತ್ತವೆ, ಕಣ್ಣಿಗೇ ಅಪಾಯ.

ಒತ್ತಡವು ಚದರ ಸೆಂಟಿಮೀಟರಿಗೆ 4 ಕಿಲೋಗ್ರಾಂ, ಸೀಸೆಯ ವ್ಯಾಸ 5 ಸೆಂ.ಮೀ., ಗಾಜಿನ ದಪ್ಪ 0.4 ಸೆಂ.ಮೀ. ಎಂದು ಎಣಿಸೋಣ. ಒತ್ತಡವನ್ನು ವ್ಯಾಸದಿಂದ ಗುಣಿಸಿ, ದಪ್ಪದ ಇಮ್ಮಡಿಯಿಂದ ಭಾಗಿಸಿದರೆ ಗೋಡೆಯಲ್ಲಿ ಉಂಟಾಗುವ ಎಳೆತ ದೊರೆಯುತ್ತದೆ: 25 ಕಿಲೋಗ್ರಾಂ. ಗಾಜಿಗೆ ಇದು ಏನೇನೂ ಅಲ್ಲ. 1921ರಲ್ಲಿ ಪ್ರಕಟವಾದ ಗ್ರಿಫಿತ್‌ನ ಪ್ರಯೋಗಗಳಲ್ಲಿ, ಕೂದಲಿಗಿಂತ ಎಷ್ಟೋ ತೆಳುವಾದ ಗಾಜಿನ ಎಳೆಯು ಚದರ ಸೆಂಟಿಮೀಟರಿಗೆ ಸುಮಾರು 34,000 ಕಿಲೋಗ್ರಾಂ ಎಳೆತವನ್ನು ತಾಳಿತು. ಒಂದು ಮಿಲಿಮೀಟರ್ ದಪ್ಪದ ಕಡ್ಡಿ ತಾಳಿದುದಾದರೋ ಅದರ ಇಪ್ಪತ್ತನೆಯ ಒಂದಂಶ. ಗಾಜಿನ ಮೈಮೇಲಿರುವ, ಕಣ್ಣಿಗೆ ಕಾಣದ ಬಿರುಕುಗಳೇ ಇದಕ್ಕೆ ಕಾರಣವೆಂದು ಆತನು ತರ್ಕಿಸಿದನು. ಬಿರುಕಿನ ಮೊನೆಯಲ್ಲಿ ಎಳೆತವು ನೂರಾರು ಮಡಿ ಹೆಚ್ಚಬಲ್ಲದು. ಕಿಟಕಿಯ ಗಾಜು ಕತ್ತರಿಸುವವನು ಒಂದು ಗೀರೆಳೆದು ಮೆಲ್ಲನೆ ಬಗ್ಗಿಸಿ ಮುರಿಯುವುದು ಇದೇ ನಿಯಮದ ಬಲದಿಂದ.

ಈ ಬಿರುಕುಗಳು ಹುಟ್ಟುವುದೆಲ್ಲಿ? ಬಹುಮಟ್ಟಿಗೆ ಕಾರ್ಖಾನೆಯಲ್ಲಿಯೇ. ಕೆಂಪಗೆ ಕಾದ ಗಾಜಿನ ಮುದ್ದೆಯು ಲೋಹದ ಅಚ್ಚಿಗೆ ಬೀಳುತ್ತದೆ; ಗಾಳಿ ಊದಿದಾಗ ಅಚ್ಚಿನ ಗೋಡೆಗೆ ಒತ್ತಿಕೊಳ್ಳುತ್ತದೆ; ಇಕ್ಕಳವು ಕತ್ತನ್ನು ಹಿಡಿದು ಹೊರತೆಗೆಯುತ್ತದೆ; ಸಾಗುವ ಪಟ್ಟಿಯ ಮೇಲೆ ಸೀಸೆಗಳು ಒಂದನ್ನೊಂದು ತಾಗುತ್ತವೆ. ಒಳಮೈಯನ್ನು ಮುಟ್ಟುವುದು ಬಹುತೇಕ ಗಾಳಿ ಮಾತ್ರ. ಆದಕಾರಣ ಒಂದೇ ಸೀಸೆಯ ಒಳಮೈ ಹೊರಮೈಗಿಂತ ಎಷ್ಟೋ ಬಲವುಳ್ಳದ್ದು. (ಗೋಲಿ ಸೀಸೆಯಲ್ಲಿ ಗೋಲಿಯು ಒಳಗೂ ಉಜ್ಜುತ್ತದೆಂಬುದನ್ನು ಮರೆಯುವಂತಿಲ್ಲ.) ಗಾಜನ್ನು ನಿಧಾನವಾಗಿ ತಣಿಸುವ ಕುಲುಮೆಯು ಒಳಗೆ ಉಳಿದ ಬಿಗಿತವನ್ನು ಸಡಿಲಿಸುತ್ತದೆ, ಆದರೆ ಮುಂದೆ ಆಗುವ ಗೀರುಗಳನ್ನು ತಡೆಯಲಾರದು. ಅದಕ್ಕಾಗಿ ಅನೇಕ ಕಾರ್ಖಾನೆಗಳಲ್ಲಿ ಬಿಸಿ ಸೀಸೆಗೆ ತವರದ ಆಕ್ಸೈಡಿನ ತೆಳುವಾದ ಲೇಪವನ್ನೂ, ತಣಿದ ಮೇಲೆ ಪಾಲಿಥೀನಿನ ಲೇಪವನ್ನೂ ಕೊಡುತ್ತಾರೆ. ಆಗ ಸೀಸೆಗಳು ಒಂದನ್ನೊಂದು ಗೀರದೆ ಜಾರಿಹೋಗುತ್ತವೆ.

ಇನ್ನೊಂದು ಶತ್ರು ನೀರು. ಎಳೆತಕ್ಕೆ ಸಿಕ್ಕಿದ ಬಿರುಕಿನ ಮೊನೆಯಲ್ಲಿ ಗಾಳಿಯ ತೇವವು ಸಿಲಿಕಾನ್ ಮತ್ತು ಆಮ್ಲಜನಕಗಳ ಬಂಧವನ್ನು ಬಿಡಿಸುತ್ತ ಹೋಗುತ್ತದೆ. ಬಿರುಕು ಸದ್ದಿಲ್ಲದೆ ಬೆಳೆಯುತ್ತದೆ. ತುಂಬಿಸುವಾಗ ತಾಳಿಕೊಂಡ ಸೀಸೆಯು ಮರುದಿನ, ಯಾರೂ ಮುಟ್ಟದಿರುವಾಗ, ಪೆಟ್ಟಿಗೆಯಲ್ಲಿಯೇ ಸಿಡಿಯಬಹುದು.