ಮನೆ ಬಿಡುವಾಗ



ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ. ಪಟ್ಟೆ ತಲೆಯ ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬೇಸಿಗೆ ಹತ್ತಿರ ಬಂದರೆ ಹೊರಟು ಹೋಗುತ್ತವೆ. ಅವಕ್ಕೆ ಬಾಡಿಗೆ ಇಲ್ಲ, ಡಿಪಾಜಿಟ್ ಇಲ್ಲ. ನಮಗೆ ಹಾಗಲ್ಲ. ದುಡಿಮೆಗೆ, ಮಕ್ಕಳ ಶಾಲೆಗೆ ಎಂದು ನಾವು ಗದಗ-ಬೆಟಗೇರಿಗೆ, ಲಕ್ಷ್ಮೇಶ್ವರಕ್ಕೆ ಹೋಗುತ್ತೇವೆ. ಬಾಡಿಗೆ ಮನೆ ಹಿಡಿಯುತ್ತೇವೆ. ಒಂದು ದಿನ ಆ ಮನೆ ಬಿಡುತ್ತೇವೆ. ಬಿಡುವ ದಿನವೇ ಮಾತಿಗೆ ಮಾತು ಬೆಳೆಯುತ್ತದೆ.

ನಮಗೂ ಹಾಗೇ ಆಗಿತ್ತು. ಗದಗಿನ ಮೊದಲ ಮನೆಗೆ 2,000 ರೂಪಾಯಿ ಡಿಪಾಜಿಟ್ ಕೊಟ್ಟಿದ್ದೆವು. ಎಲ್ಲಾ ಬಾಯಿಮಾತು. ಮನೆ ಬಿಟ್ಟಾಗ, “ಯಾವ ಡಿಪಾಜಿಟ್?” ಎಂದರು. ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆ ದುಡ್ಡು ಹೋಯಿತು.

ಎರಡನೇ ಮನೆಗೆ ಹೋಗುವಾಗ ಬುದ್ಧಿ ಬಂದಿತ್ತು. 10,000 ರೂಪಾಯಿ ಡಿಪಾಜಿಟ್ ಕೊಟ್ಟು ಪಾವತಿ ತೊಗೊಂಡೆವು. ಸಾಮಾನು ಇಳಿಸುವ ಮೊದಲು ಮನೆಯೊಡತಿಯ ಜೊತೆ ಮನೆಯನ್ನೆಲ್ಲ ನೋಡಿದೆವು. ಒಂದು ಹಾಳೆಯಲ್ಲಿ ಹೀಗೆ ಬರೆದೆವು: “ಒಳಗಿನ ಖೋಲಿಯ ಗೋಡೆ ಹಸಿ ಹಿಡಿದಿದೆ. ಬಣ್ಣ ಉದುರಿದೆ. ಪಡಸಾಲೆಯ ಗೋಡೆ ಚಲೋ ಇದೆ.” ಇಬ್ಬರೂ ಸಹಿ ಮಾಡಿದೆವು.

ಮೂರು ವರ್ಷ ಆಯಿತು. ಮನೆ ಬಿಡುವ ಹಿಂದಿನ ಭಾನುವಾರ ನಮ್ಮ ಮಗಳ ಹುಟ್ಟಿದ ಹಬ್ಬ. ಓಣಿಯ ಗೆಳತಿಯರನ್ನು ಬಿಟ್ಟು ಹೋಗಬೇಕಲ್ಲ ಎಂದು ಮಗಳಿಗೆ ದುಃಖ. ಎಲ್ಲರನ್ನೂ ಕರೆಯೋಣ ಎಂದೆವು. ಹನ್ನೆರಡು ಮಕ್ಕಳಿಗೆ ಹೇಳಿದ್ದೆವು. ಹತ್ತೊಂಬತ್ತು ಮಕ್ಕಳು ಬಂದರು. ಗಿರ್ಮಿಟ್ಟು ಸಾಲಲಿಲ್ಲ. ಆಡಲಿ ಎಂದು ಬಣ್ಣದ ಪೆನ್ಸಿಲ್ಲು ಕೊಟ್ಟೆವು. ನಾವು ಒಲೆಯ ಮುಂದೆ ಇದ್ದಾಗ ಪಡಸಾಲೆಯ ಗೋಡೆಯ ತುಂಬ ಚಿತ್ರ ಬರೆದುಬಿಟ್ಟರು!

ಒಬ್ಬ ತಾಯಿ ಮಗನನ್ನು ಕರೆಯಲು ಬಂದಳು. ಗೋಡೆ ನೋಡಿದಳು. “ಅಕ್ಕೋರ, ನಮ್ಮ ಹುಡುಗನೂ ಗೀಚ್ಯಾನ್ರಿ. ಒಂದು ಅರಿವಿ ಕೊಡ್ರಿ, ಒರಸ್ತೀನಿ” ಎಂದಳು. ಎಷ್ಟು ಒರೆಸಿದರೂ ಪೂರ್ತಿ ಹೋಗಲಿಲ್ಲ. ಆದರೂ ಅವಳ ಮಾತು ನಮಗೆ ಇಂದಿಗೂ ನೆನಪಿದೆ.

ಮನೆ ಬಿಡುವ ದಿನ ಮನೆಯೊಡತಿ ಬಂದರು.

“ಅಕ್ಕೋರ, ಎರಡೂ ಖೋಲಿಗೆ ಬಣ್ಣ ಹಚ್ಚಿಸಬೇಕು. 2,500 ರೂಪಾಯಿ ಹಿಡಕೋತೀನಿ” ಎಂದರು.

“ಅವ್ವಾರ, ಈ ಹಾಳಿ ಒಮ್ಮೆ ಓದ್ರಿ. ಒಳಗಿನ ಗೋಡಿ ನಾವು ಬರೋಕಿಂತ ಮೊದಲ ಹಂಗ ಇತ್ತು. ಪಡಸಾಲಿ ಗೋಡಿ ಮಾತ್ರ ನಮ್ಮಿಂದ ಕೆಟ್ಟೈತಿ. ಅದರ ಖರ್ಚು ನಮ್ಮದು” ಎಂದೆವು.

ಅವರು ಓದಿದರು. ತಮ್ಮ ಸಹಿ ನೋಡಿದರು. “ಹೌದ್ರಿ, ಮರ್ತಿದ್ದೆ” ಎಂದರು. ಬಣ್ಣ ಹಚ್ಚುವವರನ್ನು ಕೇಳಿದೆವು. ಆ ಗೋಡೆಗೆ 600 ರೂಪಾಯಿ ಎಂದರು. ಅಷ್ಟು ಹಿಡಿದುಕೊಂಡು ಉಳಿದದ್ದು ಕೊಟ್ಟರು. ಹೊರಡುವಾಗ ಮಗಳ ಕೈಗೆ ಬಾಳೆಹಣ್ಣು ಕೊಟ್ಟು, “ಬರ್ತಿರು ಮಗಳ” ಎಂದರು.

ಆ ಒಂದು ಹಾಳೆ ನಮ್ಮ ದುಡ್ಡು ಉಳಿಸಿತು. ನೆಂಟಸ್ತಿಕೆಯನ್ನೂ ಉಳಿಸಿತು.

ಮನೆ ಬಿಡುವವರು ನೆನಪಿಡಿರಿ

1. ತಿಂಗಳ ಬಾಡಿಗೆಯ ಮನೆಯಾದರೆ, ಬೇರೆ ಕರಾರು ಇಲ್ಲದಿದ್ದರೆ, 15 ದಿನ ಮೊದಲು ಬರೆದು ತಿಳಿಸಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೀಗೆ ಹೇಳುತ್ತದೆ. ಕರಾರು ಪತ್ರ ಇದ್ದರೆ ಅದನ್ನು ಓದಿರಿ.

2. ನಾವು ಕೆಡಿಸಿದ್ದನ್ನು ನಾವು ಸರಿ ಮಾಡಿಸಬೇಕು. ದಿನಾ ಬಳಸಿ ಸಹಜವಾಗಿ ಸವೆದದ್ದಕ್ಕೆ ನಾವು ಹೊಣೆ ಅಲ್ಲ. ಇದೂ ಅದೇ ಕಾಯ್ದೆಯ ಮಾತು.

3. ಖಾಲಿ ಮನೆಯ ಫೋಟೋ ಫೋನಿನಲ್ಲಿ ತೆಗೆಯಿರಿ. ಕರೆಂಟ್ ಮೀಟರಿನ ಅಂಕಿಯನ್ನೂ ತೆಗೆಯಿರಿ.

4. ಗೃಹಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ಅದಕ್ಕೆ ನಿಮ್ಮ ಆಧಾರ್ ಹಳೆ ಮನೆಯ ಮೀಟರಿಗೆ ಜೋಡಿಸಿದ್ದರೆ ಬಿಡಿಸಿರಿ. ಆಮೇಲೆ ಹೊಸ ಮನೆಯ ಮೀಟರಿಗೆ ಜೋಡಿಸಿರಿ.

5. ಕೀಲಿ ಕೊಡುವಾಗಲೇ ಲೆಕ್ಕ ಮುಗಿಸಿರಿ. ಪಾವತಿ ಬರೆಸಿಕೊಳ್ಳಿರಿ.

6. ಡಿಪಾಜಿಟ್ ಕೊಡದೆ ಸತಾಯಿಸಿದರೆ ಹೆದರಬೇಡಿರಿ. ಗದಗಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. 15100 ನಂಬರಿಗೆ ಫೋನ್ ಮಾಡಿ ಕೇಳಬಹುದು.

ಮಕ್ಕಳ ಹಬ್ಬಕ್ಕೆ ಕರೆದವರು, ಹೋದವರು ನೆನಪಿಡಿರಿ

1. ಕರೆಯುವವರು ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಹೇಳಬೇಕು. ಬಾಡಿಗೆ ಮನೆಯಾದರೆ ಮನೆಯವರಿಗೂ ಮೊದಲೇ ತಿಳಿಸಬೇಕು.

2. ಒಂದು ಮಗುವನ್ನು ಕರೆದರೆ ಅಣ್ಣ ತಮ್ಮಂದಿರನ್ನೂ ಕಳಿಸುವ ಮೊದಲು ಕೇಳಬೇಕು.

3. “ಏನು ತಂದಿ?” ಎಂದು ಮಗುವನ್ನು ಕೇಳಬಾರದು. ಬರಿಗೈಲಿ ಬಂದ ಮಗುವಿಗೂ ಅಷ್ಟೇ ಪ್ರೀತಿಯಿಂದ ಬಡಿಸಬೇಕು.

4. ಒಡೆದ ಬಲೂನಿನ ಚೂರು ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕರೆ ಜೀವಕ್ಕೆ ಅಪಾಯ. ಕೂಡಲೇ ಆರಿಸಿ ಹಾಕಬೇಕು.

5. ನಮ್ಮ ಮಗು ಏನಾದರೂ ಕೆಡಿಸಿದರೆ ನಾವೇ ಮೊದಲು ಹೇಳಬೇಕು. ಮಗು ನಮ್ಮನ್ನು ನೋಡಿ ಕಲಿಯುತ್ತದೆ.

ಓದಿರಿ, ತುಂಬಿರಿ

ಪಾವತಿ
ತಾರೀಖು: ..........
ನಾವು ಈ ದಿನ ಮನೆ ಖಾಲಿ ಮಾಡಿ ಕೀಲಿ ಕೊಟ್ಟಿದ್ದೇವೆ.
ಕೊಟ್ಟಿದ್ದ ಡಿಪಾಜಿಟ್: .......... ರೂಪಾಯಿ
ಹಿಡಿದುಕೊಂಡದ್ದು: .......... ರೂಪಾಯಿ. ಕಾರಣ: ..........
ಮರಳಿ ಬಂದದ್ದು: .......... ರೂಪಾಯಿ
ಮನೆಯವರ ಸಹಿ: ..........
ಬಾಡಿಗೆಯವರ ಸಹಿ: ..........

ಲೆಕ್ಕ ಮಾಡಿರಿ: 10,000 ರೂಪಾಯಿಯಲ್ಲಿ 600 ಹೋದರೆ ಎಷ್ಟು ಉಳಿಯಿತು?

ಮಾತಾಡಿರಿ: ಗೋಡೆ ಒರೆಸಲು ಬಂದ ತಾಯಿಯ ಜಾಗದಲ್ಲಿ ನೀವು ಇದ್ದರೆ ಏನು ಮಾಡುತ್ತಿದ್ದಿರಿ?

ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗಿಯಿತು. ಇನ್ನು ಓದಿ ನೋಡಿ ಸಹಿ ಮಾಡೋಣ.